ಮಾಂಗಾ ಹಿಡಿದು ಇಂಗ್ಲಿಷ್ ಕ್ಲಾಸಿಗೆ ಹೋಗುವ ಮೊದಲು ಸ್ಟಾಫ್ ರೂಮಿಗೆ ಹೋಗಿ

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಗೆಳೆಯ ಗೆಳತಿಯರು ಆಗಾಗ ನನ್ನನ್ನು ಕೇಳುತ್ತಾರೆ: "ಕ್ಲಾಸಿನಲ್ಲಿ ಮಾಂಗಾ ಓದಿಸಬೇಕು ಅಂತಿದ್ದೀನಿ, ಯಾವ ಪುಸ್ತಕದಿಂದ ಶುರು ಮಾಡಲಿ?" ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್. ಪುಸ್ತಕದ ಮಾತು ಆಮೇಲೆ ಆಡೋಣ ಅನ್ನುತ್ತೇನೆ. ಸ್ಟಾಫ್ ರೂಮಿನಲ್ಲಿ ನಿಮ್ಮ ಪಕ್ಕ ಕೂರುವ ಟೀಚರ್ ಈ ವಿಷಯದಲ್ಲಿ ಏನಂದುಕೊಂಡಿದ್ದಾರೆ, ಮೊದಲು ಅದನ್ನು ತಿಳಿದುಕೊಳ್ಳಿ.

ಕಾರಣ ಇದೆ. ಎರಡನೇ ಪೀರಿಯಡ್‌ನಲ್ಲಿ ನೀವು ಕೈಗೆ ಕೊಟ್ಟ ಪುಸ್ತಕವನ್ನು ಮೂರನೇ ಪೀರಿಯಡ್‌ನಲ್ಲಿ ಇನ್ನೊಬ್ಬರು ಕಿತ್ತುಕೊಂಡು ಬೀರುವಿನಲ್ಲಿ ಇಟ್ಟುಬಿಟ್ಟರೆ ಹುಡುಗ ಏನು ಕಲಿಯುತ್ತಾನೆ? ಇದು ಕದ್ದು ಓದುವ ವಸ್ತು ಅಂತ ಕಲಿಯುತ್ತಾನೆ. ನೀವು ಎಷ್ಟು ಚೆನ್ನಾಗಿ ಪಾಠ ಮಾಡಿದರೂ ಅದು ಅಲ್ಲಿಗೆ ಮುಗಿಯಿತು. ಮಾಂಗಾ, ಅನಿಮೆ (ಜಪಾನಿನ ಕಾರ್ಟೂನ್ ಚಿತ್ರಗಳು) ಕ್ಲಾಸಿನಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಮಕ್ಕಳಲ್ಲ, ಟೀಚರ್‌ಗಳ ಮನಸ್ಸು. ಆ ಮನಸ್ಸು ವಾದದಿಂದ ಬದಲಾಗುವುದಿಲ್ಲ. ಒಂದು ಪುಟವನ್ನು ಅವರೇ ಕೂತು ಓದಿದಾಗ ಬದಲಾಗುತ್ತದೆ.

"ಇದು ಓದು ಅಲ್ಲ, ಚಿತ್ರ ನೋಡೋದು"

ಹೆಚ್ಚು ಕೇಳಿಬರುವ ಮಾತು ಇದು. ಅಂದವರು ಸಾಮಾನ್ಯವಾಗಿ ಒಳ್ಳೆಯ ಟೀಚರ್‌ಗಳೇ. ಗದ್ಯ, ಪದ್ಯ ಎಲ್ಲವನ್ನೂ ಪ್ರೀತಿಯಿಂದ ಕಲಿಸಿದವರು. ಹಾಗಾಗಿ ಅವರಿಗೆ ಭಾಷಣ ಮಾಡಬೇಡಿ. ಒಂದು ಪುಟ ಕೊಡಿ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹಿರಿಯ ಮೇಷ್ಟ್ರಿಗೆ ಹೀಗೇ ಒಂದು ಪುಟ ಕೊಟ್ಟೆ. ಇಬ್ಬರು ಹುಡುಗಿಯರು ಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದಾರೆ. ಒಬ್ಬಳು ಏನೋ ಕೇಳುತ್ತಾಳೆ. ಮುಂದಿನ ಚೌಕದಲ್ಲಿ ಮಾತೇ ಇಲ್ಲ, ಬರೀ ಒಂದು ಜೊತೆ ಶೂ. ಅದರ ಮುಂದೆ ಇನ್ನೊಬ್ಬಳ ಉತ್ತರ. ಮೇಷ್ಟ್ರು ನಾವೆಲ್ಲ ಓದುವ ಹಾಗೆ ಎಡದಿಂದ ಶುರು ಮಾಡಿದರು. ಉತ್ತರ ಮೊದಲು ಬಂತು, ಪ್ರಶ್ನೆ ಆಮೇಲೆ. "ಏನೂ ಅರ್ಥ ಆಗ್ತಿಲ್ಲವಲ್ಲ ಮೇಡಂ" ಅಂದರು. ನೋಟ್‌ಬುಕ್ ಕೊಡಲು ಬಂದಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ಮೆಲ್ಲಗೆ, "ಸರ್, ಈ ಕಡೆಯಿಂದ" ಅಂತ ಬಲಗಡೆ ಬೆರಳಿಟ್ಟಳು. ಅವರು ಮತ್ತೆ ಓದಿದರು. ಶೂ ಇರುವ ಚೌಕದ ಹತ್ತಿರ ನಿಂತರು. "ಉತ್ತರ ಕೊಡೋದು ಬಿಟ್ಟು ಇವಳು ಶೂ ಯಾಕೆ ನೋಡ್ತಿದ್ದಾಳೆ?" ಅಂದರು. ಕ್ಲಾಸಿನಲ್ಲಿ ಅಪರೂಪಕ್ಕೆ ಬಾಯಿಬಿಡುವ ಆ ಹುಡುಗಿ ಇಂಗ್ಲಿಷಿನಲ್ಲೇ ಹೇಳಿದಳು: "ಶಿ ಡಸಂಟ್ ವಾಂಟ್ ಟು ಲೈ, ಸರ್."

ಬರೆದಿರದ ಸಂಗತಿಯನ್ನು ಪಠ್ಯದಿಂದ ಊಹಿಸುವುದು. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ನಮ್ಮ ಮಕ್ಕಳು ಜಾಸ್ತಿ ಸೋಲುವುದು ಅಲ್ಲೇ ಅಲ್ವಾ? ಮಾಂಗಾದಲ್ಲಿ ಒಂದು ಚೌಕಕ್ಕೂ ಇನ್ನೊಂದಕ್ಕೂ ನಡುವೆ ಬಿಳಿ ಜಾಗ ಇರುತ್ತದೆ. ಕಾಮಿಕ್ಸ್ ಬಲ್ಲವರು ಅದನ್ನು ಗಟರ್ ಅನ್ನುತ್ತಾರೆ. ಆ ಜಾಗದಲ್ಲಿ ಏನಾಯಿತು ಅನ್ನುವುದನ್ನು ಓದುವವರೇ ತುಂಬಿಕೊಳ್ಳಬೇಕು. ಚಿತ್ರ ಇದೆ ಅಂದ ಮಾತ್ರಕ್ಕೆ ಕೆಲಸ ಹಗುರ ಆಗುವುದಿಲ್ಲ.

ಓದುವ ಕ್ರಮ ಹೀಗೆ: ನಮಗೆ ಪುಸ್ತಕದ ಹಿಂಬದಿ ಅನ್ನಿಸುವ ಕಡೆಯಿಂದ ತೆರೆಯಬೇಕು. ಪುಟದ ಮೇಲಿನ ಬಲ ಮೂಲೆಯಿಂದ ಎಡಕ್ಕೆ, ಆಮೇಲೆ ಕೆಳಗೆ. ಒಂದೇ ಚೌಕದೊಳಗಿನ ಮಾತಿನ ಬಲೂನುಗಳಿಗೂ ಇದೇ ಕ್ರಮ. ಮೊದಮೊದಲು ಇಂಗ್ಲಿಷಿಗೆ ತರುವಾಗ ಪುಟಗಳನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಬಲಗೈಯವರೆಲ್ಲ ಎಡಗೈಯವರಾಗಿಬಿಡುತ್ತಿದ್ದರು. 2000ರ ದಶಕದ ಶುರುವಿನಿಂದ ಜಪಾನಿನ ಕ್ರಮದಲ್ಲೇ ಅಚ್ಚು ಹಾಕುವುದು ವಾಡಿಕೆಯಾಯಿತು. ಇಂಥ ಓದು ತಾನಾಗಿ ಬರುವುದಿಲ್ಲ, ಅದೂ ಕಲಿತು ಬರುವ ವಿದ್ಯೆ ಅಂತ ನೀಲ್ ಕೋನ್ ಥರದ ಸಂಶೋಧಕರು ಹೇಳುತ್ತಾರೆ. ನಿಮ್ಮ ಸಹೋದ್ಯೋಗಿ ತಡವರಿಸಿದರೆ ಅದನ್ನು ಅವರಿಗೆ ಹೇಳಿ. ಗೊತ್ತಿಲ್ಲದ್ದನ್ನು ಕೀಳು ಅನ್ನುವುದು ಸುಲಭ. ಕಲಿಯಬೇಕಾದದ್ದು ಅಂತ ಗೊತ್ತಾದರೆ ಟೀಚರ್‌ಗಳು ಬೇಗ ಗೌರವ ಕೊಡುತ್ತಾರೆ.

"ಅದರಲ್ಲಿ ಬರೀ ಹೊಡೆದಾಟ, ಅಸಹ್ಯ"

ಈ ಅನುಮಾನವನ್ನು ತಳ್ಳಿಹಾಕಬೇಡಿ. ಇದರಲ್ಲಿ ನಿಜ ಇದೆ. ಮಾಂಗಾ ಅಂದರೆ ಮಕ್ಕಳ ಪುಸ್ತಕ ಅಂತಲ್ಲ. ದೊಡ್ಡವರಿಗಾಗಿಯೇ ಬರೆದದ್ದು ಬೇಕಾದಷ್ಟಿದೆ.

ಶೋನೆನ್, ಶೋಜೊ, ಸೈನೆನ್, ಜೋಸೆಯ್ ಅನ್ನುವ ವಿಂಗಡಣೆ ನೀವು ಕೇಳಿರಬಹುದು. ಹುಡುಗರಿಗೆ, ಹುಡುಗಿಯರಿಗೆ, ದೊಡ್ಡ ಗಂಡಸರಿಗೆ, ದೊಡ್ಡ ಹೆಂಗಸರಿಗೆ ಅಂತ. ಆದರೆ ಅದು ಯಾವ ಓದುಗರ ಪತ್ರಿಕೆಯಲ್ಲಿ ಬಂತು ಅಂತ ಹೇಳುತ್ತದೆ, ಒಳಗೆ ಏನಿದೆ ಅಂತಲ್ಲ. ಶೋನೆನ್ ಅಂದ ಕೂಡಲೇ ಎಂಟನೇ ಕ್ಲಾಸಿಗೆ ಆಗುತ್ತದೆ ಅಂದುಕೊಳ್ಳಬೇಡಿ. ಇಂಗ್ಲಿಷ್ ಪ್ರಕಾಶಕರು ಅನೇಕರು ವಯಸ್ಸಿನ ಗುರುತು ಹಾಕುತ್ತಾರೆ: ಆಲ್ ಏಜಸ್, ಟೀನ್, ಟೀನ್ ಪ್ಲಸ್, ಮೆಚ್ಯೂರ್ ಹೀಗೆ. ಅದನ್ನು ನೋಡಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ನೀವು ಕಲಿಸುವ ಅಧ್ಯಾಯ ಮಾತ್ರ ಅಲ್ಲ, ಇಡೀ ಸಂಪುಟ ಓದಿ. ಮಗು ಮನೆಗೆ ಒಯ್ಯುವುದು ಇಡೀ ಪುಸ್ತಕವನ್ನು.

ಈ ಜಗಳ ಹೊಸದೂ ಅಲ್ಲ. ಅಮೆರಿಕದಲ್ಲಿ 1954ರಲ್ಲಿ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಅಂತ ಸೆನೆಟ್ ಸಮಿತಿಯ ಮುಂದೆ ವಿಚಾರಣೆ ನಡೆಯಿತು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಮಾಂಗಾದ ತವರಿನಲ್ಲೂ ಹೀಗೆ ಆಗಿದೆ. ಕೆಯ್ಜಿ ನಕಜಾವಾ ಹಿರೋಶಿಮಾದ ಮೇಲೆ ಬಾಂಬ್ ಬಿದ್ದಾಗ ಆರು ವರ್ಷದ ಹುಡುಗ. ಬದುಕಿ ಉಳಿದು, ಮುಂದೆ ಆ ಅನುಭವವನ್ನೇ ಮಾಂಗಾ ಮಾಡಿದವರು. ಅವರ 'ಬೇರ್‌ಫುಟ್ ಗೆನ್' 1973ರಲ್ಲಿ ಹುಡುಗರ ವಾರಪತ್ರಿಕೆಯೊಂದರಲ್ಲಿ ಶುರುವಾಯಿತು. ಮುಂದೆ ಜಪಾನಿನ ಎಷ್ಟೋ ಶಾಲಾ ಲೈಬ್ರರಿಗಳಿಗೆ ಬಂತು. 2012ರ ಡಿಸೆಂಬರ್‌ನಲ್ಲಿ ಮಾತ್ಸುಎ ನಗರದ ಶಿಕ್ಷಣ ಮಂಡಳಿ, ಕ್ರೌರ್ಯದ ಚಿತ್ರಗಳಿವೆ ಅಂತ, ಮಕ್ಕಳ ಕೈಗೆ ನೇರವಾಗಿ ಸಿಗದ ಹಾಗೆ ಇಡಿ ಅಂತ ಶಾಲೆಗಳಿಗೆ ಹೇಳಿತು. ದೊಡ್ಡ ವಿರೋಧ ಬಂತು. 2013ರ ಆಗಸ್ಟ್‌ನಲ್ಲಿ ಆ ಸೂಚನೆಯನ್ನು ವಾಪಸ್ ತೆಗೆದುಕೊಂಡರು.

ಯುದ್ಧ ಹೇಗಿರುತ್ತದೆ ಅಂತ ಮಕ್ಕಳಿಗೆ ತೋರಿಸಲೇಬೇಕು ಅನ್ನುವವಳು ನಾನು. ಆದರೂ ಆ ಮಂಡಳಿಯವರ ಆತಂಕ ಸುಳ್ಳು ಅನ್ನಲಾರೆ. ಹಾಗಾಗಿ ಪುಸ್ತಕ ಯಾವುದೇ ಇರಲಿ, ಕ್ಲಾಸಿಗೆ ಒಯ್ಯುವ ಮೊದಲೇ ಒಂದು ಹಾಳೆ ಬರೆದಿಡುತ್ತೇನೆ. ಈ ಪುಸ್ತಕ ಯಾಕೆ. ಯಾವ ಪುಟಗಳು. ಯಾವ ಪುಟ ಬೇಡ ಅಂದುಕೊಂಡಿದ್ದೇನೆ, ಯಾಕೆ. ಬೇಡ ಅನ್ನುವ ಮನೆಯವರ ಮಗುವಿಗೆ ಬದಲಿಗೆ ಏನು ಕೊಡುತ್ತೇನೆ. ಒಂದು ಪ್ರತಿ ಮುಖ್ಯೋಪಾಧ್ಯಾಯರಿಗೆ, ಒಂದು ಪಾಲಕರಿಗೆ. ದೂರು ಬಂದ ಮೇಲೆ ಕೊಟ್ಟ ವಿವರಣೆ ಸಬೂಬಿನ ಹಾಗೆ ಕೇಳಿಸುತ್ತದೆ. ಅದೇ ಮಾತನ್ನು ಮೊದಲೇ ಹೇಳಿದರೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

"ಪರೀಕ್ಷೆಗೆ ಏನು ಉಪಯೋಗ?"

ಇದಕ್ಕೆ ಉತ್ತರ ಮೇಜಿನ ಮೇಲೆ ಇಟ್ಟು ತೋರಿಸಬೇಕು. ನಾನು ಮೊದಲ ಪಾಠ ಮಾಡುವ ಬಗೆ ಹೇಳುತ್ತೇನೆ. ಒಂದೇ ಪುಟ, ಒಂದೇ ಪೀರಿಯಡ್.

ಪುಟ ಆರಿಸುವಾಗ ಐದಾರು ಚೌಕ ಸಾಕು. ಇಬ್ಬರು ಪಾತ್ರಧಾರಿಗಳು. ಮಾತಿಲ್ಲದ ಚೌಕ ಒಂದಾದರೂ ಇರಲಿ. ಇಂಗ್ಲಿಷಿಗೆ ಕಷ್ಟಪಡುವ ಕ್ಲಾಸಾದರೆ ಕಿಯೋಹಿಕೊ ಅಜುಮಾ ಅವರ 'ಯೊತ್ಸುಬಾ' ಒಳ್ಳೆಯದು. ಅಪ್ಪನ ಜೊತೆ ಹೊಸ ಊರಿಗೆ ಬಂದ ಪುಟ್ಟ ಹುಡುಗಿ ದಿನನಿತ್ಯದ ಸಣ್ಣ ಸಣ್ಣ ವಸ್ತುಗಳನ್ನೆಲ್ಲ ಮೊದಲ ಸಲ ನೋಡಿ ಬೆರಗಾಗುವ ಕಥೆ. ವಾಕ್ಯಗಳು ಚಿಕ್ಕವು, ಮನೆಮಾತು.

ಮೊದಲು ಬಲೂನುಗಳ ಮೇಲೆ ಚೀಟಿ ಅಂಟಿಸಿ ಪುಟ ಕೊಡಿ. ಯಾರು ಏನು ಹೇಳುತ್ತಿರಬಹುದು? ಪೆನ್ಸಿಲ್‌ನಲ್ಲಿ ಚೀಟಿಯ ಮೇಲೆ ಬರೆಯಲಿ. ಆಮೇಲೆ ಚೀಟಿ ಕಿತ್ತು ಹೋಲಿಸಲಿ. ತಮ್ಮ ಊಹೆ ಸರಿಯೋ ಅಂತ ನೋಡುವ ಆಸೆಗೆ ಮಕ್ಕಳು ಬಲೂನಿನ ಪ್ರತಿ ಪದವನ್ನೂ ಓದುತ್ತಾರೆ. ಓದಿ ಅಂತ ನೀವು ಹೇಳಬೇಕಾಗಿಲ್ಲ.

ಎರಡನೆಯದು ದೊಡ್ಡಕ್ಷರದ ಕೆಲಸ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಮಾತುಗಳನ್ನು ಸಾಮಾನ್ಯವಾಗಿ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲೇ ಬರೆಯುತ್ತಾರೆ. ಇದು ಕಲಿಯುವ ಮಕ್ಕಳಿಗೆ ತೊಡಕು, ಯಾಕೆಂದರೆ ಹೆಸರು ಯಾವುದು, ವಾಕ್ಯ ಎಲ್ಲಿ ಶುರುವಾಯಿತು ಕಾಣುವುದಿಲ್ಲ. ಆ ತೊಡಕನ್ನೇ ಅಭ್ಯಾಸ ಮಾಡಿ. ಬಲೂನಿನ ಮಾತನ್ನು ಸರಿಯಾದ ಕ್ಯಾಪಿಟಲ್, ಅಲ್ಪವಿರಾಮ, ಉದ್ಧರಣ ಚಿಹ್ನೆ ಹಾಕಿ ಕಥೆಯ ಸಾಲಾಗಿ ಬರೆಯಲಿ. ಗ್ರಾಮರ್ ಪುಸ್ತಕದಲ್ಲಿ ಇದೇ ಅಭ್ಯಾಸ ಕೊಟ್ಟರೆ ಮುಖ ಸಿಂಡರಿಸುವ ಮಕ್ಕಳು ಇಲ್ಲಿ ಕೂತು ಮಾಡುತ್ತಾರೆ.

ಮೂರನೆಯದು ನನಗೆ ತುಂಬಾ ಇಷ್ಟ: ರಿಪೋರ್ಟೆಡ್ ಸ್ಪೀಚ್. ಬಲೂನಿನಲ್ಲಿ "ಐ ಟೋಲ್ಡ್ ಯು ನಾಟ್ ಟು ಕಮ್" ಅಂತ ಇದೆ ಅಂದುಕೊಳ್ಳಿ. ಮಕ್ಕಳು ಮೊದಲು ಬರೆಯುವುದು "ಹಿ ಸೆಡ್" ಅಂತ. ಎಲ್ಲದಕ್ಕೂ ಅದೊಂದೇ ಕ್ರಿಯಾಪದ. ಆಗ ಬಲೂನಿನ ಅಂಚು ನೋಡಿ ಅನ್ನಿ. ಅಂಚು ಮುಳ್ಳುಮುಳ್ಳಾಗಿದ್ದರೆ ಅದು ಕೂಗು. ಅಂಚು ಬಿಟ್ಟು ಬಿಟ್ಟು ಎಳೆದ ಗೆರೆಯಾದರೆ ಪಿಸುಮಾತು. ಮನಸ್ಸಿನೊಳಗಿನ ಮಾತನ್ನು ಮಾಂಗಾದಲ್ಲಿ ಎಷ್ಟೋ ಸಲ ಬಲೂನೇ ಇಲ್ಲದೆ ಬರೆದಿರುತ್ತಾರೆ. ಹಾಗಾದರೆ ಇಲ್ಲಿ "ಶೌಟೆಡ್"ಓ "ವಿಸ್ಪರ್ಡ್"ಓ "ಥಾಟ್"ಓ? ಅದೇ ಮಾತನ್ನು ಕೂಗಿದರೆ ಸಿಟ್ಟು, ಪಿಸುಗುಟ್ಟಿದರೆ ಭಯ. ಮಕ್ಕಳು ವಾದ ಮಾಡುತ್ತಾರೆ, ಮುಖದ ಗೆರೆಗಳನ್ನು ಸಾಕ್ಷಿಗೆ ತರುತ್ತಾರೆ. ಪರೀಕ್ಷೆ ಅಂದಿದ್ದ ಟೀಚರ್‌ಗೆ ಈ ನೋಟ್‌ಬುಕ್ ತೋರಿಸಿ. "ಹಿ ವಿಸ್ಪರ್ಡ್ ದಟ್ ಹಿ ಹ್ಯಾಡ್ ಟೋಲ್ಡ್ ಹರ್ ನಾಟ್ ಟು ಕಮ್" ಅಂತ ತಪ್ಪಿಲ್ಲದೆ ಬರೆದ ಸಾಲಿಗಿಂತ ದೊಡ್ಡ ವಾದ ಇಲ್ಲ.

"ಗಾನಾ", "ವಾನಾ" ಥರದ ಮಾತುಗಳು ಬರುತ್ತವೆ, ಇಂಗ್ಲಿಷ್ ಕೆಡುತ್ತದೆ ಅನ್ನುವವರೂ ಇದ್ದಾರೆ. ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿಸಿ: ಆಡುವ ಮಾತು ಒಂದು ಕಡೆ, ಉತ್ತರಪತ್ರಿಕೆಯ ಮಾತು ಇನ್ನೊಂದು ಕಡೆ. ಎರಡರ ವ್ಯತ್ಯಾಸ ಗೊತ್ತಿದ್ದ ಮಗು ತಪ್ಪು ಜಾಗದಲ್ಲಿ ಬಳಸುವುದಿಲ್ಲ.

ಕಥೆ ಬರೆಸುವುದಕ್ಕೆ ಜಪಾನಿನ ಯೋನ್‌ಕೋಮಾ ಬಳಸಿ. ಮೇಲಿಂದ ಕೆಳಗೆ ನಾಲ್ಕು ಚೌಕ, ಅಷ್ಟೇ. ಮೊದಲ ಚೌಕದಲ್ಲಿ ಶುರು, ಎರಡರಲ್ಲಿ ಮುಂದುವರಿಕೆ, ಮೂರರಲ್ಲಿ ತಿರುವು, ನಾಲ್ಕರಲ್ಲಿ ಮುಕ್ತಾಯ. ಕಿ, ಶೋ, ತೆನ್, ಕೆತ್ಸು ಅಂತ ಈ ನಾಲ್ಕಕ್ಕೆ ಹೆಸರು. ನಮ್ಮ ಮಕ್ಕಳ ಕಥೆಗಳಲ್ಲಿ ಇಲ್ಲದೆ ಹೋಗುವುದು ಮೂರನೆಯದು. "ಒನ್ ಡೇ" ಅಂತ ಶುರುವಾಗಿ ಸುಮ್ನೆ ಮುಗಿದುಬಿಡುತ್ತದೆ. ಕಡ್ಡಿಗೊಂಬೆ ಬಿಡಿಸಿದರೂ ಸಾಕು, ಆದರೆ ಮೂರನೇ ಚೌಕದಲ್ಲಿ ಯಾರೂ ಎಣಿಸದ್ದು ಆಗಬೇಕು ಅನ್ನಿ. ನಾಲ್ಕು ಚೌಕ ಆದ ಮೇಲೆ ನಾಲ್ಕು ಪ್ಯಾರಾ ಬರೆಸಿ.

ಸಾಹಿತ್ಯವನ್ನೇ ನಂಬಿದ ಟೀಚರ್‌ಗೆ ಇನ್ನೊಂದು ದಾರಿ ಇದೆ. ಬ್ರಿಟನ್ನಿನ ಸೆಲ್ಫ್‌ಮೇಡ್‌ಹೀರೋ ಪ್ರಕಾಶನ 2007ರಿಂದ 'ಮಾಂಗಾ ಶೇಕ್ಸ್‌ಪಿಯರ್' ಮಾಲೆ ತಂದಿದೆ. ರೋಮಿಯೋ ಜೂಲಿಯೆಟ್ ಇಂದಿನ ಟೋಕಿಯೊದಲ್ಲಿ ನಡೆಯುತ್ತದೆ. ಮಾತುಗಳು ಮಾತ್ರ ಶೇಕ್ಸ್‌ಪಿಯರನದೇ, ಸ್ವಲ್ಪ ಕಡಿಮೆ ಮಾಡಿದ್ದಾರೆ. ಯಾವ ಸಾಲು ಬಿಟ್ಟಿದ್ದಾರೆ, ಬಿಟ್ಟದ್ದು ಸರಿಯೇ ಅಂತ ಮೂಲದ ಜೊತೆ ಹೋಲಿಸಿ ನೋಡಲು ಮಕ್ಕಳಿಗೆ ಹೇಳಿ. ಆ ಪೀರಿಯಡ್‌ಗೆ ಹಿರಿಯ ಟೀಚರನ್ನೇ ಕರೆಯಿರಿ. ಅವರಿಗೆ ಗೊತ್ತಿರುವುದು ಅಲ್ಲಿ ನಿಮಗೂ ಬೇಕಾಗುತ್ತದೆ.

ಅನಿಮೆಯ ಮಾತು

ಅನಿಮೆ ಅಂದರೆ ಪೂರ್ತಿ ಸಿನಿಮಾ ಹಾಕಿ ಕೂರುವುದು ಅಂತ ಬಹಳ ಜನ ತಿಳಿದಿದ್ದಾರೆ. ಟೀಚರ್‌ಗಳು ಬೇಡ ಅನ್ನುವುದಕ್ಕೆ ಅದೂ ಒಂದು ಕಾರಣ. ಮೂರು ನಿಮಿಷದ ತುಣುಕು ಸಾಕು. ಒಂದೇ ತುಣುಕನ್ನು ಮತ್ತೆ ಮತ್ತೆ ಬೇರೆ ಬೇರೆ ಕೆಲಸಕ್ಕೆ ತೋರಿಸಿ.

ಮೊದಲು ಸದ್ದಿಲ್ಲದೆ. ಆಮೇಲೆ ಇಂಗ್ಲಿಷ್ ಡಬ್ಬಿಂಗ್, ಸಬ್‌ಟೈಟಲ್ ಇಲ್ಲದೆ. ಕೊನೆಗೆ ಜಪಾನಿ ಮಾತು, ಇಂಗ್ಲಿಷ್ ಸಬ್‌ಟೈಟಲ್. ಡಬ್ಬಿಂಗಿನಲ್ಲಿ ಪಾತ್ರದ ಬಾಯಿ ಆಡುವಷ್ಟು ಹೊತ್ತಿಗೆ ಮಾತು ಹೊಂದಬೇಕು. ಸಬ್‌ಟೈಟಲ್ ಕಣ್ಣು ಓದುವಷ್ಟರಲ್ಲಿ ಮುಗಿಯಬೇಕು. ಹಾಗಾಗಿ ಒಂದೇ ಅರ್ಥಕ್ಕೆ ಎರಡು ವಾಕ್ಯ ಸಿಗುತ್ತವೆ. ಕೆಳಗೆ "ಲೆಟ್ಸ್ ಗೋ ಹೋಮ್" ಅಂತ ಇದ್ದರೆ ಡಬ್ಬಿಂಗಿನಲ್ಲಿ "ಇಟ್ಸ್ ಗೆಟಿಂಗ್ ಲೇಟ್, ವಿ ಶುಡ್ ಹೆಡ್ ಬ್ಯಾಕ್" ಅಂತ ಬರಬಹುದು. ಎರಡನ್ನೂ ಬರೆದುಕೊಂಡು, ಮೂರನೆಯದನ್ನು ತಾವೇ ಬರೆಯಲಿ. ಇದಕ್ಕಿಂತ ಒಳ್ಳೆಯ ಪ್ಯಾರಾಫ್ರೇಸ್ ಅಭ್ಯಾಸ ನಾನು ಕಂಡಿಲ್ಲ. ಒಂದು ಎಚ್ಚರಿಕೆ: ಕೆಲವು ಕಡೆ ಇಂಗ್ಲಿಷ್ ಕ್ಯಾಪ್ಷನ್ ಡಬ್ಬಿಂಗಿನ ಮಾತನ್ನೇ ಅಕ್ಷರಶಃ ತೋರಿಸುತ್ತದೆ. ಜಪಾನಿಯಿಂದ ಅನುವಾದ ಮಾಡಿದ ಸಬ್‌ಟೈಟಲ್ ಯಾವುದು ಅಂತ ಮನೆಯಲ್ಲೇ ನೋಡಿಕೊಂಡು ಬನ್ನಿ.

ವರ್ಣನೆ ಬರೆಸಲು ಮಾತು ಕಡಿಮೆ ಇರುವ ದೃಶ್ಯ ಬೇಕು. ಜಪಾನಿನ ನಿರ್ದೇಶಕ ಮಿಯಾಜಾಕಿ ಅವರ 1988ರ 'ಮೈ ನೇಬರ್ ಟೋಟೊರೊ' ಚಿತ್ರದಲ್ಲಿ ಮಳೆಯಲ್ಲಿ ಬಸ್‌ಸ್ಟಾಪಿನ ದೃಶ್ಯವಿದೆ. ಬೆನ್ನ ಮೇಲೆ ನಿದ್ದೆ ಹೋದ ತಂಗಿಯನ್ನು ಹೊತ್ತು ಅಕ್ಕ ನಿಂತಿದ್ದಾಳೆ. ಪಕ್ಕದಲ್ಲಿ ಟೋಟೊರೊ ಅನ್ನುವ ದೊಡ್ಡ ಪ್ರಾಣಿ, ತಲೆಯ ಮೇಲೆ ಒಂದು ಎಲೆ. ಹುಡುಗಿ ಛತ್ರಿ ಕೊಡುತ್ತಾಳೆ. ಮಳೆಹನಿ ಛತ್ರಿಯ ಮೇಲೆ ಬೀಳುವ ಸದ್ದೇ ಅಲ್ಲಿ ಮಾತು. "ಡ್ರಿಪ್", "ಪ್ಯಾಟರ್", "ಥಡ್" ಥರದ ಪದಗಳನ್ನು ಮಕ್ಕಳು ಅಲ್ಲೇ ಕೇಳಿ ಕೇಳಿ ಆರಿಸಿಕೊಳ್ಳುತ್ತಾರೆ.

ಬಾಯಿಬಿಟ್ಟು ಹೇಳದ ಅನುಮಾನ

"ನನಗೆ ಇದೆಲ್ಲ ಗೊತ್ತಿಲ್ಲ. ಮಕ್ಕಳಿಗೆ ನನಗಿಂತ ಜಾಸ್ತಿ ಗೊತ್ತು." ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಆಳದ ಅನುಮಾನ ಇದೇ. ಕ್ಲಾಸಿನ ಮುಂದೆ ಗೊತ್ತಿಲ್ಲದವರಾಗಿ ನಿಲ್ಲುವುದು ಯಾವ ಟೀಚರ್‌ಗೂ ಸುಲಭವಲ್ಲ.

ಅವರಿಗೆ ಹೀಗೆ ಹೇಳಿ: ಕಥೆಯ ಲೋಕ ಮಕ್ಕಳದಾಗಲಿ, ಭಾಷೆ ನಿಮ್ಮದಾಗಲಿ. ಆ ಪಾತ್ರ ಯಾರು, ಯಾಕೆ ಹಾಗೆ ಮಾಡಿದ ಅಂತ ಮಕ್ಕಳನ್ನೇ ಕೇಳಿ, ಇಂಗ್ಲಿಷಿನಲ್ಲಿ ವಿವರಿಸಲಿ. ನಿಮಗೆ ನಿಜಕ್ಕೂ ಗೊತ್ತಿಲ್ಲ ಅಂತ ಅವರಿಗೂ ಗೊತ್ತು. ಉತ್ತರ ಗೊತ್ತಿದ್ದೂ ಟೀಚರ್ ಕೇಳುವ ಪ್ರಶ್ನೆಗೆ ಮಕ್ಕಳು ಒಂದು ಪದ ಹೇಳಿ ಕೂರುತ್ತಾರೆ. ನಿಜವಾಗಿ ಗೊತ್ತಿಲ್ಲದವರಿಗೆ ಹೇಳುವಾಗ ಉದ್ದ ವಾಕ್ಯ ಬರುತ್ತದೆ, ಪದ ಸಿಗದೆ ಒದ್ದಾಡುತ್ತಾರೆ. ಪದ ಕೊಡಬೇಕಾದ್ದು ಆ ಹೊತ್ತಿನಲ್ಲಿ.

ಇದರ ಇನ್ನೊಂದು ತುದಿಯೂ ಇದೆ. ಮಾಂಗಾ ಅಂದರೆ ಪ್ರಾಣ ಬಿಡುವ ಟೀಚರ್‌ಗಳು. ಅವರಿಗೆ ನನ್ನ ವಿನಂತಿ: ನಿಮಗೆ ಇಷ್ಟವಾದದ್ದು ಎಲ್ಲ ಮಕ್ಕಳಿಗೂ ಇಷ್ಟವಾಗಬೇಕಿಲ್ಲ. ಚಿತ್ರ ತುಂಬಿದ ಪುಟ ನೋಡಿ ಕಂಗಾಲಾಗುವ ಮಕ್ಕಳಿದ್ದಾರೆ. ಅಪ್ಪಟ ಗದ್ಯವನ್ನೇ ಬಯಸುವವರಿದ್ದಾರೆ. ಒಂದು ಟರ್ಮ್‌ನಲ್ಲಿ ಒಂದು ಯೂನಿಟ್ ಸಾಕು.

ಒಪ್ಪದವರನ್ನು ಕರೆಯುವ ಬಗೆ

ಅನುಮಾನ ಇರುವ ಟೀಚರನ್ನು ನಿಮ್ಮ ಕ್ಲಾಸಿಗೆ ಹದಿನೈದು ನಿಮಿಷ ಕರೆಯಿರಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿ: "ಏನು ಕಂಡರೆ ಇದು ಉಪಯೋಗ ಅಂತ ನಿಮಗೆ ಅನ್ನಿಸುತ್ತೆ, ಸರ್?" ಅವರ ಉತ್ತರ ಬರೆದುಕೊಳ್ಳಿ. ಒಬ್ಬರು ಹಿಂದಿನ ಬೆಂಚಿನವರು ಮಾತಾಡಬೇಕು ಅನ್ನುತ್ತಾರೆ, ಇನ್ನೊಬ್ಬರು ಪೂರ್ತಿ ವಾಕ್ಯ ಬರೆಯಬೇಕು ಅನ್ನುತ್ತಾರೆ. ಆ ಪಾಠವನ್ನು ಅದಕ್ಕೆ ತಕ್ಕ ಹಾಗೆ ಕಟ್ಟಿ. ಕ್ಲಾಸಿನಲ್ಲಿ ಅವರನ್ನು ಸುಮ್ನೆ ಕೂರಿಸಬೇಡಿ. ಯಾವ ಮಗು ಬಾಯಿಬಿಟ್ಟಿತು ಅಂತ ಹೆಸರು ಗುರುತು ಮಾಡುವ ಕೆಲಸ ಕೊಡಿ. ಆಮೇಲೆ ಅವರು ಹೇಳುವುದನ್ನು ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ. ಅವರು ಒಪ್ಪದೆಯೂ ಇರಬಹುದು. ಆಗ ಒಂದೇ ಕೇಳಿಕೊಳ್ಳಿ: ನಾನು ಓದಿ ಒಪ್ಪಿ ಸಹಿ ಹಾಕಿಕೊಟ್ಟ ಪುಸ್ತಕವನ್ನು ಮಕ್ಕಳಿಂದ ಕಿತ್ತುಕೊಳ್ಳಬೇಡಿ, ನಿಮ್ಮ ಪೀರಿಯಡ್‌ನಲ್ಲಿ ಅದು ಬ್ಯಾಗಿನಿಂದ ಹೊರಗೆ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಈ ಮಾತಿಗೆ ಹೆಚ್ಚಿನವರು ಒಪ್ಪುತ್ತಾರೆ.

ಅಭಿಮಾನಿಗಳು ಅನುಮತಿ ಇಲ್ಲದೆ ಅನುವಾದಿಸಿ ಹಾಕುವ ಸೈಟುಗಳಿಂದ ಪುಟ ತೆಗೆಯಬೇಡಿ. ಬರೆದವರಿಗೆ ಅದರಿಂದ ಏನೂ ಸಿಗುವುದಿಲ್ಲ, ಇಂಗ್ಲಿಷೂ ಎಷ್ಟೋ ಕಡೆ ತಪ್ಪು. ಜಪಾನಿನ ಶುಯೇಶಾ ಪ್ರಕಾಶನ 2019ರಲ್ಲಿ ಶುರು ಮಾಡಿದ 'ಮಾಂಗಾ ಪ್ಲಸ್' ಸೈಟಿನಲ್ಲಿ ಅನೇಕ ಸರಣಿಗಳ ಮೊದಲ ಅಧ್ಯಾಯಗಳು, ಹೊಸ ಅಧ್ಯಾಯಗಳು ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲೂ ವಯಸ್ಸಿಗೆ ಆಗುತ್ತದೋ ಅಂತ ನೀವೇ ಓದಿ ನೋಡಬೇಕು.

ಯೂನಿಟ್ ಮುಗಿದ ಮೇಲೆ ಒಂದಿಬ್ಬರು ಮಕ್ಕಳು ಬಂದು, "ಮಿಸ್, ಮುಂದಿನ ಭಾಗ ಇದೆಯಾ?" ಅಂತ ಕೇಳೇ ಕೇಳುತ್ತಾರೆ. ತಾನಾಗಿ ಆರಿಸಿಕೊಂಡು ಓದುವ ಓದಿನಿಂದಲೇ ಭಾಷೆ ಬೆಳೆಯುತ್ತದೆ, ಕಾಮಿಕ್ಸ್ ಕೂಡ ಅದರಲ್ಲಿ ಸೇರುತ್ತದೆ ಅಂತ ಭಾಷಾ ಕಲಿಕೆಯ ಸಂಶೋಧಕ ಸ್ಟೀಫನ್ ಕ್ರಾಶೆನ್ ಬಹಳ ಕಾಲದಿಂದ ಹೇಳುತ್ತಾ ಬಂದಿದ್ದಾರೆ. ಆ ಮಗುವನ್ನು ಬರಿಗೈಯಲ್ಲಿ ಕಳಿಸಬೇಡಿ. ಎರಡನೇ ಸಂಪುಟ ಬೀರುವಿನಲ್ಲಿ ಇರಲಿ, ಮೂರನೆಯದನ್ನು ನೀವು ಓದುತ್ತಿರಿ. ಮೊದಲು ತಮಾಷೆಯಾಗಿ ಶುರುವಾದ ಸರಣಿ ಮುಂದೆ ಹೋಗುತ್ತಾ ಕಠೋರವಾಗುವುದು ಉಂಟು. ಆದ್ದರಿಂದ ಮಕ್ಕಳಿಗಿಂತ ಒಂದು ಸಂಪುಟ ಮುಂದೆ ಇರಿ, ಓದಿ ಆದದ್ದರ ಮೇಲೆ ಮಾತ್ರ ಸಹಿ ಹಾಕಿ.